ಮೌನೇಶ್ವರಿಗೆ ಎಡೆ ಇಟ್ಟವರು ಯಾರು?

ಮಹಾನವಮಿ ಅಮಾವಾಸ್ಯೆಯ ಮಧ್ಯಾಹ್ನ ಮಲ್ಲಟದ ಒಂದು ಮನೆಯಿಂದ ಚೀರಾಟ ಕೇಳಿ ಓಣಿಗೆ ಓಣಿಯೇ ಓಡಿ ಬಂತು. ಚೀರಿದವನು ಹಂಪಯ್ಯ. ಶಕ್ತಿನಗರದ ಕರೆಂಟು ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಮಾಡಿ ಪಳಗಿದ ಗಟ್ಟಿ ಆಳು. ಸುಮ್ಮನೆ ಬೆಚ್ಚಿ ಬೀಳುವ ಜಾತಿಯಲ್ಲ. ಅಂಥವನು ಹೊಸ್ತಿಲ ಮೇಲೆ ಕುಸಿದು ಕೂತು ಒಳಕ್ಕೆ ಬೆರಳು ತೋರಿಸುತ್ತಿದ್ದ.

ಒಳಗೆ ದೇವರ ಜಗಲಿಯ ಮುಂದೆ ಅವನ ಹೆಂಡತಿ ಮೌನೇಶ್ವರಿ ಕೈಮುಗಿದು ಕೂತಿದ್ದಳು. ಜಗಲಿಯ ಮೇಲೆ ದೇವರ ಪಕ್ಕದಲ್ಲಿ ಅವಳದೇ ಫೋಟೋ. ಫೋಟೋಕ್ಕೆ ಕುಂಕುಮ, ಸೇವಂತಿಗೆ ಹೂವು. ಅದರ ಮುಂದೆ ಒಂದು ತಾಟು. ತಾಟಿನಲ್ಲಿ ಶೇಂಗಾ ಹೋಳಿಗೆ, ಅನ್ನ, ಬದನೆಕಾಯಿ ಪಲ್ಯ.

"ಏನ್ ಮಾಡಾಕತ್ತೀ ಇದು?" ಎಂದು ಹಂಪಯ್ಯ ಕಡೆಗೂ ಕೇಳಿದ.

ಮೌನೇಶ್ವರಿ ತಿರುಗಿ ನೋಡಿದಳು. ಅವಳ ಮುಖದಲ್ಲಿ ಗಾಬರಿ ಇರಲಿಲ್ಲ. ಅದೇ ಹೆಚ್ಚು ಹೆದರಿಸುವಂತಿತ್ತು.

"ಮೌನೇಶ್ವರಿಗೆ ಎಡಿ ಹಿಡದೀನ್ರೀ," ಎಂದಳು. "ಮುಂಜಾನಿ ಮಾವಗ ಎಡಿ ಇಟ್ಟ್ರಿ, ಈಕಿನ್ನ ಮರತೇ ಬಿಟ್ಟ್ರಿ. ಪಾಪ, ಶೇಂಗಾ ಹೋಳಗಿ ಅಂದ್ರ ಜೀವ ಬಿಡತಿದ್ಲಂತ."

ಬಾಗಿಲಲ್ಲಿ ನಿಂತವರು ಒಂದು ಹೆಜ್ಜೆ ಹಿಂದೆ ಸರಿದರು. ಸತ್ತ ಹಿರಿಯರಿಗೆ ಎಡೆ ಇಡುವ ಅಮಾವಾಸ್ಯೆ ಅದು. ಬದುಕಿರುವ ಹೆಣ್ಣುಮಗಳು ತನ್ನ ಫೋಟೋಕ್ಕೆ ತಾನೇ ಎಡೆ ಇಟ್ಟು ಕೈಮುಗಿದು ಕೂತಿದ್ದಾಳೆ! ಯಾರೋ ಒಬ್ಬಾಕೆ "ಯವ್ವಾ ಶಿವನೇ" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಇದು ಹೇಗಾಯಿತು ಎಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಈ ಮೌನೇಶ್ವರಿ ಯಾರು ಎಂದು ಮಲ್ಲಟದಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ತವರು ದೇವದುರ್ಗ. ಇಲ್ಲಿಗೆ ಬಂದು ಹತ್ತಿ ಬಿಡಿಸುವ ಹೆಂಗಸರ ಗುಂಪಿಗೆ ಮುಂದಾಳಾದಳು. ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ, ಸೊಂಟಕ್ಕೆ ಹತ್ತಿ ತುಂಬುವ ಉಡಿಬಟ್ಟೆ. ಬೆಳಗಾಗುತ್ತಲೇ ಓಣಿಯ ತುದಿಯಲ್ಲಿ ನಿಂತು ಕೂಗು ಹಾಕುತ್ತಿದ್ದಳು: "ಮೌನೇಶ್ವರಿ ಬಂದಾಳ, ಹೊರಡ್ರಬೇ!" ಆ ಕೂಗಿಗೆ ಒಲೆಯ ಮುಂದೆ ಕೂತವರೂ ಎದ್ದು ನಿಲ್ಲಬೇಕು. ಹೊಲದಲ್ಲಿ ಯಾರಿಗೆ ಯಾವ ಸಾಲು ಎಂದು ಹೇಳುವವಳು ಅವಳೇ. ಹೊಟ್ಟೆಯಲ್ಲಿ ಕೂಸಿದ್ದವಳಿಗೆ ನೆರಳಿನ ಸಾಲು, ಚಾಡಿ ಹೇಳುವ ಇಬ್ಬರಿಗೆ ದೂರ ದೂರದ ಸಾಲು. ಹೊಲದ ಮಾಲೀಕನೂ ಅವಳ ಮಾತಿಗೆ ಎದುರಾಡುತ್ತಿರಲಿಲ್ಲ.

ಮುಂಗಾರಿನ ಶುರುವಿನಲ್ಲಿ ಒಂದು ದಿನ ಗಂಡ ಹೆಂಡತಿ ಬೈಕಿನಲ್ಲಿ ಕವಿತಾಳಕ್ಕೆ ಹೋಗಿ ಬರುತ್ತಿದ್ದರು. ಅವಳು ಹಿಂದೆ ಒಂದೇ ಕಡೆ ಕಾಲು ಹಾಕಿ ಕೂತಿದ್ದಳು. ರಸ್ತೆಯ ಉಬ್ಬು ಕಾಣಲಿಲ್ಲ. ಬೈಕು ಎಗರಿತು, ಅವಳು ಬಿದ್ದಳು, ತಲೆ ಕಲ್ಲಿಗೆ ಬಡಿಯಿತು. ಹಂಪಯ್ಯ ಕಾರ್ಖಾನೆಯಲ್ಲಿ ಹೆಲ್ಮೆಟ್ ಇಲ್ಲದೆ ಗೇಟು ದಾಟುವವನಲ್ಲ, ಯಾಕೆಂದರೆ ಅಲ್ಲಿ ಬೈಯುತ್ತಾರೆ. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡಾಗ ಬೈಯುವವರು ಯಾರೂ ಇರಲಿಲ್ಲ.

ರಾಯಚೂರಿನ ದವಾಖಾನೆಯಲ್ಲಿ ತಲೆ ಬೋಳಿಸಿ ಆಪರೇಷನ್ ಮಾಡಿದರು. ಬಳೆ ಕತ್ತರಿಸಿದರು. ತಾಳಿ ಬಿಚ್ಚಿ ಮನೆಯವರ ಕೈಗೆ ಕೊಟ್ಟರು. ಜೀವ ಉಳಿಯಿತು. ಶ್ರಾವಣದಲ್ಲಿ ಮನೆಗೆ ಬಂದಳು. ನಡೆಯುತ್ತಿದ್ದಳು, ಮಾತಾಡುತ್ತಿದ್ದಳು, ಆದರೆ ಬೆಳಗ್ಗೆ ಕಂಡದ್ದು ಎಷ್ಟೋ ಸಲ ಸಂಜೆಗೆ ನೆನಪಿರುತ್ತಿರಲಿಲ್ಲ, ಪದೇ ಪದೇ ಕಣ್ಣಿಗೆ ಬಿದ್ದದ್ದು ಮಾತ್ರ ಉಳಿಯುತ್ತಿತ್ತು. ಹಳೆಯದರಲ್ಲೂ ಅಷ್ಟು ಇಷ್ಟು ಅಳಿಸಿಹೋಗಿತ್ತು.

ಇನ್ನು ಮನೆಯವರ ಪ್ರೀತಿ ನೋಡಿ. ಅದಕ್ಕೆ ಹೆಸರಿಡುವಂತಿಲ್ಲ. ಅತ್ತೆ ಗೋಪಮ್ಮ ಸೊಸೆಗೆ ತುತ್ತು ಮಾಡಿ ಉಣಿಸಿದಳು, ನೈಟಿ ಹಾಕಿಸಿದಳು, "ಕೂಸು" ಎಂದೇ ಕರೆದಳು. ಬಳೆ ಚುಚ್ಚೀತು ಎಂದು ಬಳೆ ಇಡಿಸಲಿಲ್ಲ. ತಾಳಿ ತಂದು ಟ್ರಂಕಿನಲ್ಲಿಟ್ಟಳು. ಬೋಳು ತಲೆ ನೋಡಿ ಅತ್ತಾಳು ಎಂದು ಕನ್ನಡಿ ತೆಗೆದಿಟ್ಟಳು. ಇನ್ನು ಯಾರು ಉಡಬೇಕು ಎಂದು ಸೊಸೆಯ ಸೀರೆಗಳನ್ನು ನೆಂಟರಿಗೆ ಹಂಚಿದಳು. ಹೊಲದ ಅಂಗಿ, ಉಡಿಬಟ್ಟೆ ಗುಂಪಿನ ಗೆಳತಿ ಅಮೀರ್ ಬೀ ಮನೆ ಸೇರಿದವು.

ಈಗ ಮತ್ತೆ ಅಮಾವಾಸ್ಯೆಯ ಮಧ್ಯಾಹ್ನಕ್ಕೆ ಬರೋಣ.

"ಗಾಳಿ ಸೋಕ್ಯದ," ಎಂದಳು ಗೋಪಮ್ಮ. "ಹಂಪ್ಯಾ, ದೇವದುರ್ಗಕ್ಕ ಫೋನ್ ಹಚ್ಚು. ಅವರಣ್ಣ ಬಂದು ಕರಕೊಂಡು ಹೋಗ್ಲಿ. ಅಲ್ಲೇ ಯಾರಿಗರ ತೋರಿಸಲಿ. ಈ ಮನ್ಯಾಗ ನನಗ ಅಂಜಿಕಿ ಬರಾಕತ್ತದ."

ಹಂಪಯ್ಯ ಫೋನು ಕೈಗೆತ್ತಿಕೊಂಡ, ನಂಬರ್ ಒತ್ತಲಿಲ್ಲ. ಒಮ್ಮೆ ದೇವದುರ್ಗಕ್ಕೆ ಹೋದರೆ ಅವಳು ತಿರುಗಿ ಈ ಮನೆಗೆ ಬರುವುದು ಅನುಮಾನ ಎಂದು ಅವನಿಗೂ ಗೊತ್ತಿತ್ತು.

ಅಷ್ಟರಲ್ಲಿ ಸುದ್ದಿ ಕೇಳಿ ಅಲ್ಮಾಸ್ ಬಂದಳು. ಪಂಚಾಯಿತಿಯಲ್ಲಿ ಅಂಗವಿಕಲರ ಕೆಲಸ ನೋಡುವ ಪುನರ್ವಸತಿ ಕಾರ್ಯಕರ್ತೆ. ಪೋಲಿಯೋದಿಂದ ಒಂದು ಕಾಲು ಎಳೆದು ನಡೆಯುತ್ತಾಳೆ. ತಾಟು, ಫೋಟೋ, ಕೈಮುಗಿದ ಮೌನೇಶ್ವರಿ ಎಲ್ಲವನ್ನೂ ಕಂಡು ಅವಳೂ ಒಂದು ಗಳಿಗೆ ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಯವ್ವಾ, ನನಗೂ ಎದಿ ಝಲ್ ಅಂದದ," ಎಂದಳು ಗೋಪಮ್ಮನಿಗೆ. "ಆದ್ರ ಗಾಳಿ ಅಲ್ಲ ಇದು. ತಲಿಗಿ ಪೆಟ್ಟು ಬಿದ್ದಾಕಿ. ಮೊದಲ ರಾಯಚೂರಿಗೆ ಹೋಗೋಣು. ದೇವದುರ್ಗದ ಮಾತು ಆಮ್ಯಾಲ."

"ದವಾಖಾನಿ ಮುಗೀತಲ್ಲವಾ? ಗಾಯ ಮಾಯ್ದದ, ಹೊಲಿಗಿ ಬಿಚ್ಯಾರ."

"ತಲಿ ಗಾಯ ಮಾಯ್ದದ. ಒಳಗ ಈಕಿ ಯಾರು ಅನ್ನೂದು ಇನ್ನೂ ಮಾಯ್ದಿಲ್ಲ."

ಮರುದಿನ ರಾಯಚೂರಿಗೆ ಹೋದರು. ತಲೆಗೆ ಪೆಟ್ಟಾದವರನ್ನು ನೋಡುವ ಡಾಕ್ಟರ್ ಪ್ರಿಯದರ್ಶಿನಿ ಮೊದಲು ಸ್ಕ್ಯಾನ್ ಮಾಡಿಸಿದರು, ಮಾತ್ರೆ ಬದಲಿಸಿದರು. ಆಮೇಲೆ ಕುರ್ಚಿಯನ್ನು ಮೌನೇಶ್ವರಿಯ ಹತ್ತಿರ ಎಳೆದುಕೊಂಡರು.

"ನಿಮ್ಮ ಹೆಸರೇನ್ರೀ?"

ಗೋಪಮ್ಮ ಬಾಯಿ ತೆಗೆದಳು. ಡಾಕ್ಟರು ಕೈ ಅಡ್ಡ ಹಿಡಿದರು. "ನಿಮ್ಮನ್ನಲ್ಲ ಯವ್ವಾ, ಅವರನ್ನ ಕೇಳೀನಿ."

ಮೌನೇಶ್ವರಿ ಅತ್ತೆಯ ಮುಖ ನೋಡಿದಳು. "ಕೂಸು," ಎಂದಳು.

ಹಂಪಯ್ಯನ ಕಣ್ಣು ತುಂಬಿ ಬಂತು. ಡಾಕ್ಟರು ಮತ್ತೆ ಕೇಳಿದರು. "ಮೌನೇಶ್ವರಿ ಅಂದ್ರ ಯಾರು?"

"ಇವರ ಹೇಣ್ತಿರೀ. ತೀರಿಕೊಂಡಾಳ."

"ನಿಮಗ ಯಾರು ಹೇಳಿದ್ರು?"

"ಯಾರರ ಹೇಳಬೇಕೇನ್ರೀ?" ಮೌನೇಶ್ವರಿ ಡಾಕ್ಟರನ್ನೇ ಕರುಣೆಯಿಂದ ನೋಡಿದಳು. "ಇವ್ರು ತಲಿ, ಮೀಸಿ ಬೋಳಿಸ್ಯಾರ. ಆಕಿ ಫೋಟೋಕ ದಿನಾ ಹೂವ ಏರಸ್ತಾರ. ಆಕಿ ಸೀರಿ ಎಲ್ಲಾ ಹಂಚ್ಯಾರ. ಮನಿಗಿ ಬಂದವ್ರು ಫೋಟೋ ನೋಡಿ, ಎಂಥಾ ಹೆಣ್ಮಗಳಿದ್ಲು ಅಂತ ಅಳತಾರ. ಸಾಯದ ಹಿಂಗೆಲ್ಲಾ ಮಾಡ್ತಾರೇನ್ರೀ?"

ಅವಳು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಸತ್ತವರ ಮನೆಯಲ್ಲಿ ನಾವು ಏನೇನು ಮಾಡುತ್ತೇವೋ ಅದೆಲ್ಲವನ್ನೂ ಆ ಮನೆಯಲ್ಲಿ ಮಾಡಿ ಮುಗಿಸಿದ್ದರು. ಹೆಣ ಒಂದು ಇರಲಿಲ್ಲ, ಅಷ್ಟೇ.

"ನಾ ತಲಿ ಕೊಟ್ಟಿದ್ದು ಹರಕಿರೀ!" ಹಂಪಯ್ಯ ಗೋಳಾಡಿದ. "ಆಕಿ ಉಳದು ಮನಿಗಿ ಬಂದ್ರ ಮುಡಿ ಕೊಡ್ತೀನಿ ಅಂತ ಬೇಡಕೊಂಡಿದ್ದೆ. ಬಂದ್ಲು, ಕೊಟ್ಟೆ."

"ಚಲೋ ಮಾಡೀರಿ. ಅದನ್ನ ಇವರಿಗೆ ಹೇಳಿದ್ರೇನು?"

ಹಂಪಯ್ಯ ಊರಿಗೆಲ್ಲ ಹೇಳಿದ್ದ. ಹೆಂಡತಿಗೆ ಹೇಳಿರಲಿಲ್ಲ.

"ಫೋಟೋ ನಾ ಇಟ್ಟೀನ್ರೀ," ಎಂದಳು ಗೋಪಮ್ಮ ಸಣ್ಣ ದನಿಯಲ್ಲಿ. "ದವಾಖಾನ್ಯಾಗ ಒಳಗ ಬಿಡತಿದ್ದಿಲ್ಲ. ದೇವರ ಬಾಜೂಕ ಇಟ್ಟು, ನನ್ನ ಸೊಸಿನ್ನ ಉಳಸಪ್ಪಾ ಅಂತ ದಿನಾ ಹೂವ ಏರಿಸಿದೆ."

"ಅವರು ಮನಿಗಿ ಬಂದ ಮ್ಯಾಲ ಯಾಕ ತಗೀಲಿಲ್ಲ?"

ಗೋಪಮ್ಮ ತಲೆ ತಗ್ಗಿಸಿದಳು. "ಹಳೇ ಮಾರಿ ನೋಡಿದ್ರ ಸಮಾಧಾನ ಆಗತಿತ್ರೀ. ಈ ಬೋಳು ತಲಿ ನೋಡಾಕ ನನ್ನ ಕೈಲೆ ಆಗತಿದ್ದಿಲ್ಲ."

ಖರೆ ಮಾತು ಹೀಗೆ ಹೊರಗೆ ಬಿತ್ತು. ಮನೆಯಲ್ಲಿ ಇಬ್ಬರು ಮೌನೇಶ್ವರಿಯರು ಇದ್ದರು. ಹೂವು ಸಿಕ್ಕಿದ್ದು ಫೋಟೋದವಳಿಗೆ. ಬದುಕಿದ್ದವಳಿಗೆ ಸಿಕ್ಕಿದ್ದು ನೈಟಿ ಮತ್ತು ತುತ್ತು.

ಡಾಕ್ಟರು ಬೈಯಲಿಲ್ಲ. "ಪೆಟ್ಟು ಬಿದ್ದ ಮೆದುಳಿನ್ಯಾಗ ನೆನಪು ಅಲ್ಲಲ್ಲೆ ಹರದಿರತದ," ಎಂದರು. "ಹರದ ಜಾಗಕ್ಕ ಮಂದಿ ಕಣ್ಣಿಗೆ ಕಂಡದ್ದನ್ನ ತುಂಬಕೋತಾರ. ನೀವು ತೋರಿಸಿದ್ದನ್ನ ಇವರು ತುಂಬಕೊಂಡಾರ. ಕೆಲವರಿಗೆ ನಾ ಸತ್ತೀನಿ ಅಂತ, ನಾ ಬ್ಯಾರೇದಾಕಿ ಅಂತ ಅನಿಸೂದು ಅದ. ಇದಕ್ಕ ಮಾತ್ರಿ ಅದ, ಮಾತಿನ ಚಿಕಿತ್ಸಿ ಅದ. ಎರಡನ್ನೂ ನಾ ಕೊಡ್ತೀನಿ. ಆದ್ರ ಈಕಿ ಮೌನೇಶ್ವರಿ ಅಂತ ದಿನಾ ನೆನಪು ಮಾಡೂದು ಮನ್ಯಾಗ ಆಗಬೇಕು."

"ಮೊದಲಿನ್ಹಂಗ ಆಗ್ತಾಳೇನ್ರೀ?" ಹಂಪಯ್ಯ ಕೇಳಿದ.

"ಪೂರಾ ಮೊದಲಿನ್ಹಂಗ ಅಂತ ನಾ ಹೇಳಂಗಿಲ್ಲ. ಸುಳ್ಳ ಹೇಳಿದಂಗ ಆಗತದ. ಹಳೇದು ಒಂದಿಷ್ಟು, ಹೊಸದು ಒಂದಿಷ್ಟು ಕೂಡಿ ಮೌನೇಶ್ವರಿ ಆಗ್ತಾರ. ನೀವು ಹಳೇಕಿನ್ನೇ ಕಾಯಕೋತ ಕುಂತ್ರ, ಹೊಸಾಕಿ ಬಾಗಲದಾಗೇ ನಿಂತಿರತಾಳ."

ಊರಿಗೆ ಬಂದ ಮೇಲೆ ಅಲ್ಮಾಸ್ ಒಂದೊಂದೇ ಮಾಡಿಸಿದಳು. ಮೊದಲು ಹಂಪಯ್ಯ ಹೆಂಡತಿಯ ಎದುರು ಕೂತು ಬೈಕು, ಕವಿತಾಳದ ರಸ್ತೆ, ದವಾಖಾನೆ, ಹರಕೆ ಎಲ್ಲವನ್ನೂ ಹೇಳಿದ. ಅವಳು ಮರೆತಳು. ಮರುದಿನ ಮತ್ತೆ ಹೇಳಿದ. ಮತ್ತೆ ಮರೆತಳು. ಆಗ ಅವನೇ ಫೋನಿನಲ್ಲಿ ತನ್ನ ದನಿ ಹಿಡಿದಿಟ್ಟು ಕೊಟ್ಟ. ಅವಳಿಗೆ ಬೇಕೆನಿಸಿದಾಗ ಅವಳೇ ಒತ್ತಿ ಕೇಳುತ್ತಿದ್ದಳು.

ಗೋಪಮ್ಮನಿಗೆ ಬಂದ ಕಷ್ಟವೇ ಬೇರೆ. "ಕೂಸು" ಎಂದು ನಾಲಿಗೆ ಪಳಗಿಬಿಟ್ಟಿತ್ತು. "ಮೌನೇಶ್ವರಿ, ರೊಟ್ಟಿ ತಿಂತೀಯೋ, ಅನ್ನ ಉಂತೀಯೋ?" ಎಂದು ಕೇಳಿ ಉತ್ತರಕ್ಕೆ ಕಾಯುವುದೆಂದರೆ ಅವಳಿಗೆ ಜೀವ ಹೋದಂತಾಗುತ್ತಿತ್ತು.

"ಉತ್ತರ ಬರೂದರಾಗ ರೊಟ್ಟಿ ಆರಿ ಹೋಗತದ ಅಲ್ಮಾಸ್."

"ಆರಲಿ ಬಿಡು ಯವ್ವಾ. ಆರಿದ ರೊಟ್ಟಿ ತಿನ್ನಬಹುದು."

ಕನ್ನಡಿ ತಂದು ಮತ್ತೆ ಮೊಳೆಗೆ ಹಾಕಿದರು. ಮೌನೇಶ್ವರಿ ಅದರ ಮುಂದೆ ನಿಂತು ತಲೆಯ ಮೇಲಿನ ಹೊಲಿಗೆ ಗುರುತನ್ನು ಬೆರಳಿನಿಂದ ಸವರಿದಳು. ಅವತ್ತು ಅತ್ತಳು. ಅಳಲಿ ಎಂದು ಬಿಟ್ಟರು. ಇನ್ನೊಂದು ದಿನ ಅತ್ತೆ ತುತ್ತು ಮಾಡಲು ಬಂದಾಗ ತಾಟನ್ನೇ ದೂರ ಬೀಸಿದಳು. ಸಾರು ಗೋಡೆಗೆಲ್ಲ ಸಿಡಿಯಿತು.

"ನೋಡವಾ, ಇಷ್ಟ ಮಾಡಿದ್ರೂ ಹಿಂಗ," ಗೋಪಮ್ಮ ಅಲ್ಮಾಸ್ ಮುಂದೆ ಅತ್ತಳು.

"ಸಿಟ್ಟು ಬಂತಲ್ಲ ಯವ್ವಾ, ಚಲೋ ಆತು. ಸತ್ತವರಿಗೆ ಸಿಟ್ಟು ಬರಂಗಿಲ್ಲ."

ಗೋಪಮ್ಮನಿಗೆ ಅಳುವಿನ ನಡುವೆಯೇ ನಗು ಬಂತು. ಅವತ್ತಿನಿಂದ ಸೊಸೆ ತನ್ನ ಕೈಯಿಂದಲೇ ಉಂಡಳು. ಅರ್ಧ ಚೆಲ್ಲಿದರೂ ಯಾರೂ ಏನೂ ಅನ್ನಲಿಲ್ಲ.

ಜಗಲಿಯ ಫೋಟೋ ಮಾತ್ರ ಹಾಗೇ ಇತ್ತು. ತಾವಾಗಿ ತೆಗೆಯಬೇಡಿ, ಅವಳನ್ನೇ ಕೇಳಿ ಎಂದು ಡಾಕ್ಟರು ಹೇಳಿದ್ದರು. ಕೇಳಿದರೆ ಮೌನೇಶ್ವರಿ, "ಇರಲಿ ಬಿಡ್ರಿ, ಪಾಪ, ಆಕಿ ಎಲ್ಲಿಗೆ ಹೋಗ್ತಾಳ," ಎನ್ನುತ್ತಿದ್ದಳು. ಹಂಪಯ್ಯ ಎದ್ದು ಹೊರಗೆ ಹೋಗಿಬಿಡುತ್ತಿದ್ದ. ದೇವದುರ್ಗದ ಅಣ್ಣ ಫೋನಿನಲ್ಲಿ, "ದೀಪಾವಳಿ ಆಗೂತನಕ ನೋಡ್ರಿ, ಆಗಲಿಲ್ಲಂದ್ರ ಬಂದು ಕರಕೊಂಡು ಹೋಗ್ತೀನಿ," ಎಂದಿದ್ದ.

ಗೋಪಮ್ಮ ಕೊನೆಯದೊಂದು ಉಪಾಯ ಮಾಡಿದಳು. ಮಾನವಿಯ ಸಂತೆಯಿಂದ ಹಸಿರು ಗಾಜಿನ ಬಳೆ ತಂದಳು, ಟ್ರಂಕಿನಿಂದ ತಾಳಿ ತೆಗೆದಳು, ನೆಂಟರಿಗೆ ಕೊಟ್ಟ ಸೀರೆಗಳಲ್ಲಿ ಎರಡನ್ನು ನಾಚಿಕೆ ಬಿಟ್ಟು ವಾಪಸು ಕೇಳಿ ತಂದಳು. ಹಂಪಯ್ಯ, ಅಲ್ಮಾಸ್ ನೋಡುತ್ತಿದ್ದಂತೆ ಎಲ್ಲವನ್ನೂ ಸೊಸೆಯ ಮುಂದೆ ಹರವಿ, "ತಗೊ ಮೌನೇಶ್ವರಿ, ಎಲ್ಲಾ ನಿನ್ನವು," ಎಂದಳು.

ಮೌನೇಶ್ವರಿ ತಾಳಿ ಕಟ್ಟಿಸಿಕೊಂಡಳು. ಸೀರೆ ಮುಟ್ಟಿ ನೋಡಿದಳು. ಬಳೆ ಎತ್ತಿ ಅಲುಗಿಸಿ ಕೆಳಗಿಟ್ಟಳು. ಆಮೇಲೆ ಎಲ್ಲವನ್ನೂ ಆ ಕಡೆ ಈ ಕಡೆ ಸರಿಸಿ ಏನನ್ನೋ ಹುಡುಕತೊಡಗಿದಳು.

"ಅಂಗಿ ಎಲ್ಲದ ಅತ್ತಿ?"

"ಯಾವ ಅಂಗಿ?"

"ಹೊಲದ ಅಂಗಿ."

ಗೋಪಮ್ಮ ಗಲ್ಲಕ್ಕೆ ಕೈಯಿಟ್ಟಳು. "ಅಯ್ಯ ನನ ಶಿವನೇ! ಮುತ್ತೈದಿ ಬಳಿ ಮುಂದಿಟ್ರ ಗಂಡಸರ ಹರಕ ಅಂಗಿ ಕೇಳತಾಳಲ್ಲೋ ಹಂಪ್ಯಾ!"

"ಕೇಳಲಿ ಯವ್ವಾ," ಅಲ್ಮಾಸ್ ಮೆತ್ತಗೆ ಅಂದಳು. "ಊರಾಗ ನನ್ನ ಕುಂಟಿ ಅಂತಿದ್ರು. ಅಲ್ಮಾಸ್ ಅಂತ ಕರೀರಿ ಅಂತ ನಾನೇ ಹೇಳಬೇಕಾತು. ತಾ ಯಾರು ಅನ್ನೂದನ್ನ ಆಕಿನೇ ಹೇಳಲಿ. ಬಳಿ ಆಕಿ ಬೇಕಂದಾಗ ಇಡಸ್ರಿ."

ಹಂಪಯ್ಯ ಅಮೀರ್ ಬೀ ಮನೆಗೆ ಓಡಿದ. ಅವಳು ಅಂಗಿಯನ್ನು ಒಂದು ದಿನವೂ ಹಾಕಿಕೊಂಡಿರಲಿಲ್ಲ. ಒಗೆದು, ಉಡಿಬಟ್ಟೆಯಲ್ಲಿ ಸುತ್ತಿ, ಮೇಲಿನ ಗೂಟಕ್ಕೆ ಕಟ್ಟಿದ್ದಳು. "ಕೊಟ್ರು ಅಂತ ಇಸಗೊಂಡೆ ಯಪ್ಪಾ, ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ," ಎಂದು ಕೈಗಿಟ್ಟಳು. "ಹತ್ತಿ ಅರಳ್ಯದ. ಯಾರ ಸಾಲು ಯಾವುದು ಅಂತ ದಿನಾ ಜಗಳ ಬಿಡಿಸಿ ನನಗ ಸಾಕಾಗ್ಯದ. ಆಕಿನ್ನ ಒಂದ ಸಲ ಕಳಸು."

"ಬಿಸಲಾಗ ಆಕಿ ತಲಿ—" ಹಂಪಯ್ಯ ಮನೆಗೆ ಬಂದು ಹೇಳಿದಾಗ ಗೋಪಮ್ಮ ಶುರು ಮಾಡಿದಳು. ಅಲ್ಮಾಸ್ ಡಾಕ್ಟರಿಗೆ ಫೋನ್ ಹಚ್ಚಿ ಕೇಳಿದಳು. ಮಾತ್ರೆ ತಪ್ಪಿಸಬಾರದು, ತಲೆಗೆ ಬಟ್ಟೆ ಇರಬೇಕು, ಬಿಸಿಲೇರುವ ಮೊದಲು ಮನೆಗೆ ಬರಬೇಕು, ಒಬ್ಬಳನ್ನೇ ಬಿಡಬಾರದು, ಹೋಗುವ ಮನಸ್ಸು ಅವಳಿಗಿದ್ದರೆ ಹೋಗಲಿ ಎಂದು ಡಾಕ್ಟರು ಹೇಳಿದರು. ಮನಸ್ಸಿದೆಯೇ ಎಂದು ಕೇಳಲು ತಿರುಗಿದರೆ ಮೌನೇಶ್ವರಿ ಆಗಲೇ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಳು. ಒಂದು ಗುಂಡಿ ಮೇಲೆ ಕೆಳಗಾಗಿತ್ತು. ಯಾರೂ ತಿದ್ದಲಿಲ್ಲ.

ಮರುದಿನ ಬೆಳಗ್ಗೆ ಹಂಪಯ್ಯ ಅವಳ ಜೊತೆ ಓಣಿಯ ತುದಿಯವರೆಗೂ ನಡೆದ. ಹೆಂಗಸರು ತಮ್ಮ ತಮ್ಮ ಬಾಗಿಲ ಒಳಗೆ ಬುತ್ತಿ ಹಿಡಿದು ಕಾಯುತ್ತಿದ್ದರು. ಮೌನೇಶ್ವರಿ ಮೊದಲು ನಿಲ್ಲುತ್ತಿದ್ದ ಜಾಗದಲ್ಲೇ ನಿಂತಳು. ಬಾಯಿ ತೆಗೆದಳು. ದನಿ ಬರಲಿಲ್ಲ. ಗಂಡನ ಮುಖ ನೋಡಿದಳು.

"ಏನಂತ ಕೂಗಬೇಕ್ರೀ?"

ಹಂಪಯ್ಯನ ನಾಲಿಗೆ ತುದಿಗೆ ಬಂದಿತ್ತು. ಹಲ್ಲು ಕಚ್ಚಿ ನುಂಗಿಕೊಂಡ. ಕಾಯುವುದನ್ನು ಅವನು ಅಷ್ಟರಲ್ಲಿ ಕಲಿತಿದ್ದ. ಯಾವ ಬಾಗಿಲೂ ತೆರೆಯಲಿಲ್ಲ. ಕೋಳಿಗಳು ಮಾತ್ರ ಓಡಾಡುತ್ತಿದ್ದವು.

"ಬಂದಾಳ..." ಎಂದಳು ಮೌನೇಶ್ವರಿ. ಮತ್ತೆ ಸ್ವಲ್ಪ ಜೋರಾಗಿ, "ಬಂದಾಳ, ಹೊರಡ್ರಬೇ!"

ಒಳಗಿನಿಂದ ಅಮೀರ್ ಬೀ ಗಡಸು ದನಿಯಲ್ಲಿ ಕೇಳಿದಳು. "ಯಾರಬೇ ಬಂದಾಕಿ? ಹೆಸರಿಲ್ಲೇನು?"

ಮೌನೇಶ್ವರಿ ಕಣ್ಣು ಮುಚ್ಚಿದಳು. ಅಂಗಿಯ ತೋಳನ್ನು ಮುಷ್ಟಿಯಲ್ಲಿ ಹಿಡಿದಳು. ಅವಳ ತುಟಿ ಒಂದೆರಡು ಬಾರಿ ಅಲುಗಿತು. ಆಮೇಲೆ ಆ ಓಣಿ ಮುಂಗಾರಿನಿಂದ ಕೇಳದಿದ್ದ ಕೂಗು ಕೇಳಿತು.

"ಮೌನೇಶ್ವರಿ! ಮೌನೇಶ್ವರಿ ಬಂದಾಳ, ಹೊರಡ್ರಬೇ!"

ಎಲ್ಲ ಬಾಗಿಲೂ ಒಮ್ಮೆಲೇ ತೆರೆದವು. ಹಂಪಯ್ಯ ಗೋಡೆಗೆ ಮುಖ ಮಾಡಿ ಅತ್ತ. ನಾಚಿಕೆ ಪಡಲಿಲ್ಲ.

ಹೊಲದಲ್ಲಿ ಅವಳು ಇಬ್ಬರ ಹೆಸರು ಮರೆತಳು, ಒಬ್ಬಳಿಗೆ ಎರಡು ಸಾಲು ಕೊಟ್ಟಳು. "ಎರಡು ಕೊಟ್ಟೀಯಲ್ಲಬೇ," ಎಂದು ಎಲ್ಲರೂ ನಕ್ಕರು, ಅವಳೂ ನಕ್ಕಳು. ಬಿಸಿಲೇರುವ ಮೊದಲು ಮನೆಗೆ ಬಂದು, ಕಾಲು ತೊಳೆದು, ನೇರ ಜಗಲಿಗೆ ಹೋದಳು. ಗೋಪಮ್ಮ ಕೂತಲ್ಲಿಂದಲೇ ಕತ್ತು ಚಾಚಿ ನೋಡಿದಳು. ಮೌನೇಶ್ವರಿ ಫೋಟೋ ಕೆಳಗಿಳಿಸಿ, ಅಂಗಿಯ ತೋಳಿನಿಂದ ಕುಂಕುಮ ಒರೆಸಿ, ಹತ್ತಿರ ಹಿಡಿದು ನೋಡಿದಳು.

"ಅತ್ತಿ, ಇದರಾಗ ನಾ ಯಾಕ ಇಷ್ಟ ದಪ್ಪ ಕಾಣ್ತೀನಿ?"

ಸೊಸೆ "ನಾ" ಅಂದಿದ್ದಳು. ಮುದುಕಿ ಎದ್ದು ತಾಟು ತಂದಿಟ್ಟು, ಏನು ಬಡಿಸಲಿ ಎಂದು ಕೇಳಿ, ಉತ್ತರಕ್ಕೆ ಕಾದು ನಿಂತಳು. ದೇವದುರ್ಗದ ಅಣ್ಣ ದೀಪಾವಳಿಗೆ ಬಂದ. ಹಬ್ಬದ ಊಟ ಮಾಡಿ ಒಬ್ಬನೇ ತಿರುಗಿ ಹೋದ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ತಲೆಗೆ ಪೆಟ್ಟು ಬಿದ್ದು ಉಳಿದು ಬಂದ ಹೆಣ್ಣುಮಗಳು ಇದ್ದಾಳೆಯೇ? ಅವಳು ವಿಚಿತ್ರ ಮಾತಾಡಿದರೆ ಗಾಳಿ ಎನ್ನಬೇಡಿ, ತವರಿಗೆ ಸಾಗಹಾಕಬೇಡಿ. ಡಾಕ್ಟರ ಹತ್ತಿರ ಕರೆದೊಯ್ಯಿರಿ, ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತೆಯನ್ನು ಕೇಳಿ. ಅವಳ ಎದುರಿನಲ್ಲೇ ಅವಳ ಸುದ್ದಿ ಹೇಳಿ ಅಳಬೇಡಿ. ಅವಳ ಸೀರೆ, ಅವಳ ಕೆಲಸದ ಸಾಮಾನು ಯಾರಿಗೂ ಕೊಡಬೇಡಿ. ಬೈಕು ಹತ್ತುವಾಗ ಹಿಂದೆ ಕೂರುವವಳಿಗೂ ಹೆಲ್ಮೆಟ್ ಕೊಡಿ.

ಈಗ ಎದ್ದು ಒಳಗೆ ಹೋಗಿ. ಅವಳನ್ನು ಹೆಸರು ಹಿಡಿದು ಕರೆಯಿರಿ. ಏನು ಬೇಕು ಎಂದು ಅವಳನ್ನೇ ಕೇಳಿ. ರೊಟ್ಟಿ ಆರಿದರೂ ಚಿಂತೆಯಿಲ್ಲ, ಅವಳು ಹೇಳುವ ತನಕ ಅಲ್ಲೇ ನಿಲ್ಲಿ.